ಕೂಸುಗಳ ಲೆಕ್ಕಕ್ಕೆ ತಕ್ಕ ಕೈಗಳು: ಬಡಾವಣೆಯಲ್ಲಿ ಶಿಶುಪಾಲನಾ ಕೇಂದ್ರ ಶುರು ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

"ನಮ್ಮ ಹತ್ರ ಒಂದು ಖಾಲಿ ರೂಮಿದೆ. ಅಕ್ಕಪಕ್ಕದ ಹೆಣ್ಣುಮಕ್ಕಳು ಗಾರ್ಮೆಂಟ್ಸ್‌ಗೆ ಹೋಗ್ತಾರೆ. ಅವರ ಮಕ್ಕಳನ್ನ ನೋಡ್ಕೊಳ್ಳೋಕೆ ಒಂದು ಬೇಬಿ ಸಿಟ್ಟಿಂಗ್ ಶುರು ಮಾಡೋಣ್ವಾ?" ಮಹಿಳಾ ಸಂಘಗಳ ಸಭೆಗಳಲ್ಲಿ ಈ ಮಾತು ನಾನು ಎಷ್ಟೋ ಸಲ ಕೇಳಿದ್ದೇನೆ. ಕೇಳಿದಾಗಲೆಲ್ಲ ಖುಷಿಯಾಗುತ್ತದೆ. ಆದರೆ ಮಾತು ಶುರುವಾಗುವುದು ಯಾವಾಗಲೂ ರೂಮಿನಿಂದ. ಆಮೇಲೆ ಗೋಡೆಗೆ ಬಣ್ಣ, ಆಟಿಕೆ, ಬೋರ್ಡು. ಮಕ್ಕಳನ್ನು ಎತ್ತಿಕೊಳ್ಳುವ ಕೈಗಳು ಎಷ್ಟಿವೆ ಅನ್ನುವ ಪ್ರಶ್ನೆ ಕೊನೆಗೆ ಬರುತ್ತದೆ. ಸರ್ಕಾರದ ಮಾನದಂಡಗಳನ್ನು ಓದಿದರೂ, ಕೇಂದ್ರ ನಡೆಸುವವರನ್ನು ಕೇಳಿದರೂ ಲೆಕ್ಕ ಉಲ್ಟಾ ಇರಬೇಕು. ಮೊದಲು ಮಕ್ಕಳು, ಆಮೇಲೆ ಕೈಗಳು, ಅದಾದ ಮೇಲೆ ಜಾಗ. ಈ ಬರಹವೂ ಅದೇ ಕ್ರಮದಲ್ಲಿ ಹೋಗುತ್ತದೆ.

ಹೆಜ್ಜೆ 1: ಯಾವ ನಿಯಮ ನಿಮಗೆ ಅನ್ವಯಿಸುತ್ತದೆ?

ನಮ್ಮ ದೇಶದಲ್ಲಿ ಶಿಶುಪಾಲನಾ ಕೇಂದ್ರದ ಬಗ್ಗೆ ನಿಯಮಗಳು ಬೇರೆ ಬೇರೆ ಕಡೆ ಹಂಚಿಹೋಗಿವೆ. 1948ರ ಕಾರ್ಖಾನೆ ಕಾಯ್ದೆಯಲ್ಲಿ, 30ಕ್ಕಿಂತ ಜಾಸ್ತಿ ಹೆಣ್ಣುಮಕ್ಕಳು ದುಡಿಯುವ ಕಾರ್ಖಾನೆ 6 ವರ್ಷದೊಳಗಿನ ಅವರ ಮಕ್ಕಳಿಗೆ ಜಾಗ ಕೊಡಬೇಕು ಎಂದಿತ್ತು. ಕಟ್ಟಡ ಕೆಲಸಗಾರರಿಗೆ 1996ರಲ್ಲಿ, ತೋಟದ ಕೆಲಸಗಾರರಿಗೆ ಅದಕ್ಕೂ ಮುಂಚೆ 1951ರಲ್ಲೇ ಇಂಥ ನಿಯಮ ಬಂತು. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿಯಾಯಿತು. 50 ಅಥವಾ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಗೆ ಶಿಶುಪಾಲನಾ ಸೌಲಭ್ಯ ಕಡ್ಡಾಯವಾಯಿತು. ತಾಯಿ ದಿನಕ್ಕೆ 4 ಸಲ ಹೋಗಿ ಮಗುವನ್ನು ನೋಡಿ ಬರಬಹುದು ಎಂದೂ ಅದರಲ್ಲಿ ಬರೆಯಲಾಯಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಈ ಎರಡು ಮಾತು ಇವೆ.

ಇವೆಲ್ಲ ಮಾಲೀಕರ ಹೊಣೆ. ಬಡಾವಣೆಯ, ಹಳ್ಳಿಯ ಕೇಂದ್ರಗಳ ದಾರಿ ಬೇರೆ. ಕೇಂದ್ರ ಸರ್ಕಾರದ ಹಳೆಯ ರಾಷ್ಟ್ರೀಯ ಕ್ರೆಶ್ (ಶಿಶುಪಾಲನಾ ಕೇಂದ್ರ) ಯೋಜನೆ 2022ರಿಂದ ಮಹಿಳೆಯರಿಗಾಗಿ ಇರುವ ಮಿಷನ್ ಶಕ್ತಿ ಯೋಜನೆಯ ಒಳಗೆ 'ಪಾಲನಾ' ಎಂಬ ಹೆಸರಲ್ಲಿ ನಡೆಯುತ್ತಿದೆ. ಅಂಗನವಾಡಿಗೆ ಸೇರಿಸಿ ನಡೆಸುವ ಕ್ರೆಶ್‌ಗಳೂ ಇದರಲ್ಲಿವೆ. ಕರ್ನಾಟಕದ ಗ್ರಾಮೀಣಾಭಿವೃದ್ಧಿ ಇಲಾಖೆ 2023ರಲ್ಲಿ ನರೇಗಾ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ 'ಕೂಸಿನ ಮನೆ' ಶುರು ಮಾಡಿತು. ಅದರ ಗುರಿ 4,000 ಗ್ರಾಮ ಪಂಚಾಯಿತಿ. ಹಾಗಾಗಿ ಹಳ್ಳಿಯಲ್ಲಿರುವವರು ಮೊದಲು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರನ್ನು ಕೇಳಿ. ಪಟ್ಟಣದಲ್ಲಿರುವವರು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಕಚೇರಿಗೆ ಹೋಗಿ. ಪಕ್ಕದಲ್ಲೇ ಒಂದು ಕೇಂದ್ರ ಅರ್ಧ ಖಾಲಿ ಇದ್ದರೆ ಹೊಸದು ತೆರೆಯುವುದಕ್ಕಿಂತ ಅದಕ್ಕೆ ಕೈಜೋಡಿಸುವುದು ಒಳ್ಳೆಯದು.

ಯಾವ ದಾರಿ ಹಿಡಿದರೂ ಅಳತೆಗೋಲು ಒಂದೇ ಇಟ್ಟುಕೊಳ್ಳಿ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2018ರ ನವೆಂಬರ್‌ನಲ್ಲಿ ಕ್ರೆಶ್‌ಗಳಿಗೆ ರಾಷ್ಟ್ರೀಯ ಕನಿಷ್ಠ ಮಾರ್ಗಸೂಚಿ ಹೊರಡಿಸಿತು. ಅದನ್ನು ಬರೆದದ್ದು ಕಾರ್ಖಾನೆ, ಕಚೇರಿಗಳಿಗೆ. ಆದರೆ ಗಾರ್ಮೆಂಟ್ಸ್ ಒಳಗಿನ ಮಗುವಿಗೆ ಒಂದು ಸುರಕ್ಷತೆ, ನಮ್ಮ ಬೀದಿಯ ಮಗುವಿಗೆ ಇನ್ನೊಂದು ಅಂತ ಇರಬಾರದು ಅಲ್ವಾ? ಮುಂದೆ ನಾನು 'ಮಾರ್ಗಸೂಚಿ' ಅಂದಾಗಲೆಲ್ಲ ಇದೇ ಅಂತ ತಿಳಿದುಕೊಳ್ಳಿ.

ಹೆಜ್ಜೆ 2: ಮಕ್ಕಳನ್ನು ಎಣಿಸಿ

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬೇಡಿ. ಮೊದಲು ಮನೆ ಮನೆಗೆ ಹೋಗಿ. ಮಾರ್ಗಸೂಚಿಯ ಪ್ರಕಾರ ಕೇಂದ್ರ 6 ತಿಂಗಳಿಂದ 6 ವರ್ಷದ ಮಕ್ಕಳಿಗೆ. ಒಂದು ಕೇಂದ್ರಕ್ಕೆ 30 ಮಕ್ಕಳು, ಕೆಲಸದ ಜಾಗದಿಂದ ಅಥವಾ ಮನೆಯಿಂದ ದೂರ 500 ಮೀಟರ್ ಒಳಗೆ. ಪಾಲನಾ ಕೇಂದ್ರಕ್ಕಾದರೆ 25 ಮಕ್ಕಳು.

ಸುಮ್ನೆ "ಎಷ್ಟು ಮಕ್ಕಳಿದ್ದಾರೆ?" ಅಂತ ಕೇಳಿದರೆ ಸಾಲದು. ವಯಸ್ಸನ್ನು ತಿಂಗಳ ಲೆಕ್ಕದಲ್ಲಿ ಬರೆದುಕೊಳ್ಳಿ. ಇನ್ನೂ ನಡೆಯದವರು ಎಷ್ಟು, ಎದೆಹಾಲು ಕುಡಿಯುವವರು ಎಷ್ಟು, ಅಂಗವೈಕಲ್ಯ ಇರುವ ಮಕ್ಕಳು ಯಾರಾದರೂ ಇದ್ದಾರಾ ಅನ್ನುವುದು ತಿಳಿಯಬೇಕು. ತಾಯಿ ಎಷ್ಟು ಗಂಟೆಗೆ ಮನೆ ಬಿಡುತ್ತಾಳೆ, ಎಷ್ಟಕ್ಕೆ ವಾಪಸ್ ಬರುತ್ತಾಳೆ ಎಂದೂ ಕೇಳಿ. ಪಾಲನಾ ಯೋಜನೆಯಲ್ಲಿ ಕೇಂದ್ರ ದಿನಕ್ಕೆ 7.5 ಗಂಟೆ, ತಿಂಗಳಿಗೆ 26 ದಿನ ತೆರೆದಿರಬೇಕು. ಮಾರ್ಗಸೂಚಿ 8ರಿಂದ 10 ಗಂಟೆ ಎನ್ನುತ್ತದೆ. ಬೆಳಗ್ಗೆ 8.30ಕ್ಕೆ ಮೆಷಿನ್ ಮುಂದೆ ಕೂತಿರಬೇಕಾದ ತಾಯಿಗೆ 9.30ಕ್ಕೆ ತೆರೆಯುವ ಕೇಂದ್ರದಿಂದ ಏನೂ ಉಪಯೋಗವಿಲ್ಲ. ಮಕ್ಕಳೇ ಬಾರದ ಕೇಂದ್ರ ಕಂಡರೆ ನಾನು ಮೊದಲು ವಿಚಾರಿಸುವುದು ಅದರ ಸಮಯವನ್ನು.

ಹೆಜ್ಜೆ 3: ಕೈಗಳನ್ನು ಎಣಿಸಿ

ಇಡೀ ವಿಷಯದ ಜೀವ ಇರುವುದು ಇಲ್ಲಿ. ಮಾರ್ಗಸೂಚಿಯ ಲೆಕ್ಕ ಹೀಗಿದೆ: 3 ವರ್ಷದೊಳಗಿನ 10 ಮಕ್ಕಳಿಗೆ ಒಬ್ಬ ಕಾರ್ಯಕರ್ತೆ, ಜೊತೆಗೆ ಸಹಾಯಕಿ. 3 ವರ್ಷ ದಾಟಿದ 20 ಮಕ್ಕಳಿಗೆ ಒಬ್ಬ ಕಾರ್ಯಕರ್ತೆ, ಜೊತೆಗೆ ಸಹಾಯಕಿ.

ಉದಾಹರಣೆಗೆ, ನಿಮ್ಮ ಪಟ್ಟಿಯಲ್ಲಿ 3 ವರ್ಷದೊಳಗಿನವರು 9, ದೊಡ್ಡವರು 13 ಇದ್ದಾರೆ ಅಂದುಕೊಳ್ಳಿ. ಒಟ್ಟು 22. "ಇಷ್ಟೇ ತಾನೇ, ಒಬ್ಬರು ನೋಡಿಕೊಳ್ತಾರೆ, ಒಬ್ಬರು ಅಡುಗೆ ಮಾಡ್ತಾರೆ" ಅನ್ನಿಸುತ್ತದೆ. ಆಗುವುದಿಲ್ಲ. ಎರಡು ಗುಂಪಿಗೂ ಬೇರೆ ಬೇರೆ ಕಾರ್ಯಕರ್ತೆ ಬೇಕು, ಸಹಾಯಕಿಯರು ಬೇಕು. ಅಡುಗೆಯವರನ್ನು ಈ ಲೆಕ್ಕಕ್ಕೆ ಸೇರಿಸಲೇಬೇಡಿ. ಒಲೆ ಮುಂದೆ ಇರುವ ಕೈ ಮಗುವಿಗೆ ಸಿಗುವುದಿಲ್ಲ.

ನನ್ನನ್ನು ಕೇಳಿದರೆ ಕೂಸುಗಳಿಗೆ 10ಕ್ಕೆ ಒಬ್ಬರೂ ಕಮ್ಮಿಯೇ. ಬೆಂಕಿ ಬಿದ್ದರೆ ನಡೆಯಲಾರದ ಎಷ್ಟು ಮಕ್ಕಳನ್ನು ಒಬ್ಬ ಹೆಂಗಸು ಎತ್ತಿಕೊಂಡು ಹೊರಗೆ ಓಡಬಲ್ಲಳು? ಎರಡು. ಅದಕ್ಕೇ ನಡೆಯದ ಕೂಸುಗಳನ್ನು ನಾನು ಬೇರೆಯಾಗಿ ಎಣಿಸುತ್ತೇನೆ. ಅಂಥವು ನಾಲ್ಕಿದ್ದರೆ ಆ ಕೋಣೆಯಲ್ಲಿ ಯಾವ ಹೊತ್ತಿನಲ್ಲೂ ಇಬ್ಬರು ದೊಡ್ಡವರು ಇರಲೇಬೇಕು. ಅಷ್ಟು ಸಂಬಳ ಕೊಡಲಾಗದಿದ್ದರೆ ಕೂಸುಗಳ ಸಂಖ್ಯೆ ಕಡಿಮೆ ಮಾಡಿ. ಬಾಗಿಲಿಗೆ ಬಂದ ತಾಯಿಗೆ "ಈಗ ಜಾಗ ಇಲ್ಲಮ್ಮ" ಅನ್ನುವುದು ಬಲು ಕಷ್ಟ, ಗೊತ್ತು. ಆದರೂ ಹೇಳಬೇಕು. ಕಾಯುವವರ ಪಟ್ಟಿ ಬರೆದಿಡಿ.

ಕೆಲಸಕ್ಕೆ ತೆಗೆದುಕೊಳ್ಳುವಾಗ ಕಾರ್ಯಕರ್ತೆಗೆ ಪಿಯುಸಿ, ಸಹಾಯಕಿಗೆ ಎಸ್ಸೆಸ್ಸೆಲ್ಸಿ ಎಂಬುದು ಸರ್ಕಾರಿ ಯೋಜನೆಯ ಅಳತೆ. ಓದಿನ ಜೊತೆ ಇನ್ನೊಂದು ಪರೀಕ್ಷೆ ಮಾಡಿ. ಅರ್ಧ ದಿನ ಮಕ್ಕಳ ಜೊತೆ ಬಿಟ್ಟು ನೋಡಿ. ಅಳುವ ಮಗುವಿನ ಹತ್ತಿರ ನೆಲಕ್ಕೆ ಕೂತು ಮಾತಾಡುತ್ತಾರಾ, ನಿಂತಲ್ಲಿಂದಲೇ ಗದರುತ್ತಾರಾ ಅನ್ನುವುದು ಒಂದೇ ಗಂಟೆಯಲ್ಲಿ ಗೊತ್ತಾಗುತ್ತದೆ. ಪೊಲೀಸ್ ಠಾಣೆಯ ಪರಿಶೀಲನೆ ಎಲ್ಲರಿಗೂ ಆಗಬೇಕು. ಅಡುಗೆಯವರು, ಕಾವಲಿನವರು, ಸಂಘದ ಅಧ್ಯಕ್ಷೆಯ ಸಂಬಂಧಿ, ಯಾರಿಗೂ ವಿನಾಯಿತಿ ಬೇಡ.

ಹೆಜ್ಜೆ 4: ಈಗ ಜಾಗ ನೋಡಿ

ಒಂದು ಮಗುವಿಗೆ ಕನಿಷ್ಠ 10ರಿಂದ 12 ಚದರ ಅಡಿ ಎಂದು ಮಾರ್ಗಸೂಚಿ ಹೇಳುತ್ತದೆ. 25 ಮಕ್ಕಳಿಗೆ 300 ಚದರ ಅಡಿ, ಅಂದರೆ 15 ಅಡಿ ಅಗಲ, 20 ಅಡಿ ಉದ್ದದ ಕೋಣೆ. ಆಟದ ಹೊತ್ತಿನಲ್ಲಿ ಇದು ಸಾಕು ಅನ್ನಿಸಬಹುದು. ಮಧ್ಯಾಹ್ನ ಮಲಗಿಸಿ ನೋಡಿ. ಒಂದು ಪುಟ್ಟ ಚಾಪೆ ಸುಮಾರು 2 ಅಡಿ ಅಗಲ, 3 ಅಡಿ ಉದ್ದ. ಚಾಪೆಗೇ 6 ಚದರ ಅಡಿ ಹೋಯಿತು. ನಡುವೆ ದೊಡ್ಡವರು ಓಡಾಡಲು, ಮಕ್ಕಳ ಉಸಿರು ಒಬ್ಬರಿಗೊಬ್ಬರಿಗೆ ತಾಗದಂತೆ ಸ್ವಲ್ಪ ಬಿಡಲು ಜಾಗ ಬೇಕು. ಆಗ 12 ಚದರ ಅಡಿ ಅನ್ನುವುದು ಇನ್ನು ಇಳಿಸಲಾಗದ ಅಳತೆ ಅಂತ ಗೊತ್ತಾಗುತ್ತದೆ. ಅಡುಗೆಮನೆ, ಶೌಚಾಲಯ, ಬೀರು ಇಟ್ಟ ಮೂಲೆಯನ್ನು ಕಳೆದು ಅಳೆಯಿರಿ.

ಕೇಂದ್ರ ನೆಲಮಹಡಿಯಲ್ಲೇ ಇರಲಿ. ಗಾಳಿ, ಬೆಳಕು ಬೇಕು. ಕಾಂಕ್ರೀಟ್ ಕಟ್ಟಡ ಬೇಕು, ಚಪ್ಪರ, ಗರಿಯ ಸೂರು ಬೇಡ. ಇದಕ್ಕೆ ಕಾರಣ ಇದೆ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನ ಶಾಲೆಯೊಂದರಲ್ಲಿ ಅಡುಗೆಮನೆಯ ಬೆಂಕಿ ಗರಿಯ ಸೂರಿಗೆ ಹತ್ತಿ 94 ಮಕ್ಕಳು ಸತ್ತರು. ಹಾಗಾಗಿ ಅಡುಗೆಮನೆ ಬೇರೆ ಇರಲಿ. ಬಾಗಿಲಿಗೆ ಅಡ್ಡಗೇಟು ಹಾಕಿಸಿ. ಸಿಲಿಂಡರ್ ಮಕ್ಕಳ ಕೋಣೆಗೆ ಬರಲೇಬಾರದು. ಹೊರಹೋಗಲು ಎರಡು ದಾರಿ ಇರಲಿ. ಎರಡನೆಯದರ ಮುಂದೆ ಅಕ್ಕಿ ಮೂಟೆ ಇಟ್ಟುಬಿಡುವುದು ಎಲ್ಲ ಕಡೆ ನಡೆಯುತ್ತದೆ. ಅದನ್ನು ದಿನಾ ನೋಡಬೇಕು.

ಜಾಗ ಒಪ್ಪಿಕೊಳ್ಳುವ ಮುಂಚೆ ಒಂದು ಕೆಲಸ ಮಾಡಿ. ಅಂಬೆಗಾಲಿಟ್ಟು ಕೋಣೆ ಸುತ್ತಿ. ನಾಚಿಕೆ ಬೇಡ, ನಿಜವಾಗಿ ಮಾಡಿ. ನಿಂತಾಗ ಕಾಣದ್ದೆಲ್ಲ ಆಗ ಕಾಣುತ್ತದೆ: ನೆಲದ ಮಟ್ಟದ ಪ್ಲಗ್ ಪಾಯಿಂಟು, ಕಿತ್ತ ಟೈಲ್ಸಿನ ಚೂಪು ಅಂಚು, ಮಂಚದ ಕೆಳಗೆ ಬಿದ್ದ ಇಲಿ ಪಾಷಾಣದ ಪೊಟ್ಟಣ, ಬಾಗಿಲ ಸಂದಿ. ಪ್ಲಗ್‌ಗಳು ಮಕ್ಕಳ ಕೈಗೆ ಎಟುಕದ ಎತ್ತರಕ್ಕೆ ಹೋಗಬೇಕು. ಫಿನಾಯಿಲ್, ಆಸಿಡ್, ಸೊಳ್ಳೆ ಬತ್ತಿಯ ಸೀಸೆ, ಎಲ್ಲ ಬೀಗದ ಕಪಾಟಿಗೆ.

ಆಮೇಲೆ ನೀರು. ನಮ್ಮ ಊರುಗಳಲ್ಲಿ ಮಕ್ಕಳಿಗೆ ದೊಡ್ಡ ಅಪಾಯ ಮನೆ ಮುಂದಿನ ಸಂಪು. ಅದರ ಮುಚ್ಚಳ ಕಬ್ಬಿಣದ್ದಾಗಿರಲಿ, ಬೀಗ ಇರಲಿ. ನೀರಿನ ಟ್ಯಾಂಕರ್ ಬಂದ ದಿನ ಒಬ್ಬರು ಅಲ್ಲೇ ನಿಂತಿದ್ದು ಬೀಗ ಹಾಕಿಸಿ ಬರಬೇಕು. ಬಚ್ಚಲಲ್ಲಿ ಬಕೆಟ್ ಬೋರಲು ಹಾಕಿಡಿ. ತಲೆ ಭಾರದ ಪುಟ್ಟ ಮಗು ಬಗ್ಗಿ ಬಿದ್ದರೆ ಮೇಲೇಳಲಾರದು. ಅಂಗೈ ಮುಳುಗುವಷ್ಟು ನೀರೂ ಜೀವ ತೆಗೆಯುತ್ತದೆ.

ಶೌಚಾಲಯ ಮಕ್ಕಳ ಅಳತೆಯದ್ದಾಗಿರಬೇಕು. ಒಳಚಿಲಕ ಬೇಡ. ಅಂಗವೈಕಲ್ಯ ಇರುವ ಮಗುವಿಗೆ ಇಳಿಜಾರು ದಾರಿ, ಹಿಡಿದುಕೊಳ್ಳಲು ಕಂಬಿ ಬೇಕು. ತಾಯಿ ಬಂದು ಹಾಲು ಕುಡಿಸಲು ಪರದೆ ಹಾಕಿದ ಒಂದು ಮೂಲೆ, ಒಂದು ಕುರ್ಚಿ ಇರಲಿ.

ಜೋಲಿ ಬಗ್ಗೆ ಒಂದು ಮಾತು. ಸೀರೆಯ ಜೋಲಿಯಲ್ಲಿ ತೂಗಿದರೆ ಕೂಸು ಬೇಗ ಮಲಗುತ್ತದೆ, ನಿಜ. ಆದರೆ ಹತ್ತಾರು ಮಕ್ಕಳಿರುವ ಕಡೆ ಇಳಿಬಿದ್ದ ಬಟ್ಟೆ, ಹಗ್ಗ ಇನ್ನೊಂದು ಮಗುವಿನ ಕುತ್ತಿಗೆಗೆ ಸುತ್ತಿಕೊಳ್ಳಬಹುದು. ಕೇಂದ್ರದಲ್ಲಿ ಜೋಲಿ ಬೇಡವೇ ಬೇಡ. ನೆಲದ ಮೇಲೆ ಗಟ್ಟಿ ಹಾಸಿಗೆ ಹಾಕಿ ಕೂಸನ್ನು ಅಂಗಾತ ಮಲಗಿಸಿ. ದಿಂಬು, ದಪ್ಪ ರಗ್ಗು ಇಡಬೇಡಿ. ಮಕ್ಕಳು ಮಲಗಿರುವಾಗ ಒಬ್ಬರು ಎಚ್ಚರವಿದ್ದು ನೋಡುತ್ತಿರಬೇಕು.

ಹೆಜ್ಜೆ 5: ಊಟ

ಮೂರು ವರ್ಷದೊಳಗಿನ ಮಕ್ಕಳಿಗೆ ಅಂಗನವಾಡಿಯಿಂದ ಮನೆಗೆ ಪೌಷ್ಟಿಕ ಆಹಾರ ಸಿಗುತ್ತದೆ. ದೊಡ್ಡವರಿಗೆ ಅಲ್ಲೇ ಊಟ ಇರುತ್ತದೆ. ನಿಮ್ಮ ಮಕ್ಕಳ ಹೆಸರು ಅಲ್ಲಿ ಇದೆಯಾ ಅಂತ ಮೊದಲು ನೋಡಿ. ಅಂಗನವಾಡಿಯ ಆಹಾರ ಮಗುವಿನ ಊಟಕ್ಕೆ ಪೂರಕವಾಗಿ ಕೊಡುವಂಥದ್ದು. ಕೇಂದ್ರದಲ್ಲಿ ಮಗು ಇಡೀ ಹಗಲು ಇರುವುದರಿಂದ ಇದು ಬುಡ ಮಾತ್ರ.

ಆರೇಳು ತಿಂಗಳ ಕೂಸಿಗೆ ರಾಗಿ ಸರಿ, ನುಣ್ಣಗೆ ಹಿಸುಕಿದ ಹೆಸರುಬೇಳೆ ಅನ್ನ, ಬಾಳೆಹಣ್ಣು. ಬೇಳೆ ಕಟ್ಟಿನ ನೀರು ಮಾತ್ರ ಕೊಡುವ ರೂಢಿ ಬೇಡ. ಚಮಚ ಓರೆ ಮಾಡಿದರೂ ಜಾರಿ ಬೀಳದಷ್ಟು ಗಟ್ಟಿ ಇರಲಿ. ಒಂದು ಚೂರು ತುಪ್ಪ ಅಥವಾ ಎಣ್ಣೆ ಬೆರೆಸಿ. ಒಂದು ವರ್ಷದೊಳಗೆ ಜೇನುತುಪ್ಪ ಬೇಡ, ಉಪ್ಪು ಸಕ್ಕರೆಯೂ ಬೇಡ. ಕಡಲೇಬೀಜ, ಹುರಿಗಡಲೆ, ಇಡೀ ದ್ರಾಕ್ಷಿ ಪುಟ್ಟ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ಕಡಲೇಬೀಜವನ್ನು ಪುಡಿ ಮಾಡಿ ಬೆರೆಸಿದರೆ ಸರಿ. ಎದೆಹಾಲು ಹಿಂಡಿ ಇಟ್ಟು ಹೋಗುವ ತಾಯಿ ಇದ್ದರೆ ಸೀಸೆಯ ಮೇಲೆ ಮಗುವಿನ ಹೆಸರು, ಹಿಂಡಿದ ಗಂಟೆ ಬರೆಯಿರಿ. ಹೊರಗಿಟ್ಟರೆ 4 ಗಂಟೆಯ ಒಳಗೆ ಕುಡಿಸಿ.

ಬಿಸಿ ಸಾಂಬಾರಿನ ಪಾತ್ರೆಯನ್ನು ಮಕ್ಕಳ ಪಂಕ್ತಿಯ ನಡುವೆ ತರಬೇಡಿ. ಒಳಗೇ ಬಡಿಸಿ, ಆರಿಸಿ, ತಟ್ಟೆಯನ್ನು ತನ್ನಿ.

ಹೆಜ್ಜೆ 6: ಜ್ವರ ಬಂದ ಮಗು

"ಜ್ವರ, ವಾಂತಿ, ಮೈಮೇಲೆ ಗುಳ್ಳೆ ಇದ್ದ ಮಗುವನ್ನು ಕಳಿಸಬೇಡಿ" ಎಂದು ಬೋರ್ಡಿನಲ್ಲಿ ಬರೆಯುವುದು ಸುಲಭ. ದಿನಗೂಲಿಯ ತಾಯಿಗೆ ಅದರ ಅರ್ಥ ಒಂದು ದಿನದ ಕೂಲಿ ಹೋಯಿತು ಅಂತ. ಆಕೆ ಏನು ಮಾಡುತ್ತಾಳೆ? ಬೆಳಗ್ಗೆ ಜ್ವರದ ಸಿರಪ್ ಕುಡಿಸಿ, ಏನೂ ಹೇಳದೆ ಬಿಟ್ಟು ಹೋಗುತ್ತಾಳೆ. ಹನ್ನೊಂದಕ್ಕೆ ಮಗುವಿನ ಮೈ ಕೆಂಡವಾಗುತ್ತದೆ. ನಾವು ಎಷ್ಟು ಡೋಸ್ ಕೊಟ್ಟಿದ್ದಾರೆ ಅಂತ ತಿಳಿಯದೆ ಒದ್ದಾಡುತ್ತೇವೆ. ಇಂಥ ಬೆಳಗುಗಳನ್ನು ನೋಡಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟೇ: ನಿಯಮ ಬಿಗಿ ಮಾಡುವುದಕ್ಕಿಂತ ನಿಜ ಹೇಳಿದರೆ ಬೈಯುವುದಿಲ್ಲ ಅನ್ನುವ ಭರವಸೆ ಮುಖ್ಯ.

ಸಣ್ಣ ನೆಗಡಿ, ಮೈ ಬೆಚ್ಚಗಿರುವ ಮಗುವನ್ನು ಬೇರೆ ಮೂಲೆಯಲ್ಲಿ, ಒಬ್ಬರ ಕಣ್ಣಿನಡಿ ಇಟ್ಟುಕೊಳ್ಳಬಹುದು. ಬೆಳಗ್ಗೆ ಬಾಗಿಲಲ್ಲೇ ಮುಟ್ಟಿ ನೋಡಿ, "ರಾತ್ರಿ ಹೇಗಿತ್ತು? ಔಷಧಿ ಏನಾದ್ರೂ ಕೊಟ್ರಾ? ಎಷ್ಟು ಹೊತ್ತಿಗೆ?" ಅಂತ ಕೇಳಿ ಬರೆದುಕೊಳ್ಳಿ. ತಾಯಿಯ ಬರಹದ ಒಪ್ಪಿಗೆ, ವೈದ್ಯರ ಚೀಟಿ ಇಲ್ಲದೆ ಔಷಧಿ ಕೊಡಬೇಡಿ. ಉಸಿರಾಟ ಜೋರಾಗಿದ್ದರೆ, ಹಾಲು ಎಳೆಯದಿದ್ದರೆ, ಎಬ್ಬಿಸಿದರೂ ಏಳದಿದ್ದರೆ, ಫಿಟ್ಸ್ ಬಂದರೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಆಮೇಲೆ ತಾಯಿಗೆ. ಭೇದಿಯಾದರೆ ಓಆರ್‌ಎಸ್ ಪೊಟ್ಟಣವನ್ನು ಪೂರ್ತಿಯಾಗಿ 1 ಲೀಟರ್ ನೀರಿಗೆ ಹಾಕಬೇಕು. ಅರ್ಧ ಪೊಟ್ಟಣ ಒಂದು ಲೋಟಕ್ಕೆ ಅಂತ ಅಂದಾಜು ಮಾಡಬೇಡಿ. ಒಂದು ಲೀಟರ್ ಅಳತೆಯ ಪಾತ್ರೆ ಕೇಂದ್ರದಲ್ಲಿ ಇರಲಿ.

ತಿಂಗಳಿಗೊಮ್ಮೆ ತೂಕ ನೋಡಿ, ತಾಯಿ ಕಾರ್ಡಿನಲ್ಲಿ ಗುರುತು ಮಾಡಿ. 6 ತಿಂಗಳಿಂದ 5 ವರ್ಷದ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ಅದು ತೀವ್ರ ಅಪೌಷ್ಟಿಕತೆ. ಆಶಾ ಕಾರ್ಯಕರ್ತೆಗೆ ಅವತ್ತೇ ತಿಳಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಿ. ಲಸಿಕೆಯಲ್ಲಿ ಜಾಸ್ತಿ ತಪ್ಪಿಹೋಗುವುದು 16ರಿಂದ 24 ತಿಂಗಳ ನಡುವಿನದು. 9 ತಿಂಗಳ ದಡಾರದ ಚುಚ್ಚುಮದ್ದು ಆದ ಮೇಲೆ ಮನೆಯವರು ಎಲ್ಲ ಮುಗಿಯಿತು ಅಂದುಕೊಂಡಿರುತ್ತಾರೆ. ಕಾರ್ಡು ನೋಡಿ ನೆನಪಿಸುವುದು ನಮ್ಮ ಕೆಲಸ.

ಹೆಜ್ಜೆ 7: ಯಾರ ಕೈಗೆ ಮಗುವನ್ನು ಕೊಡುತ್ತೀರಿ?

ಸೇರಿಸಿಕೊಳ್ಳುವ ದಿನವೇ ಮಗುವನ್ನು ಕರೆದೊಯ್ಯಬಹುದಾದವರ ಹೆಸರು, ಫೋಟೋ ತೆಗೆದುಕೊಳ್ಳಿ. "ನಾನು ಅವನ ಮಾವ" ಅಂತ ಯಾರೇ ಬಂದರೂ ಪಟ್ಟಿಯಲ್ಲಿ ಇಲ್ಲದಿದ್ದರೆ ತಾಯಿಗೆ ಫೋನ್ ಮಾಡದೆ ಮಗುವನ್ನು ಕೊಡಬೇಡಿ. ಮುನಿಸಿಕೊಳ್ಳುತ್ತಾರೆ, ಇರಲಿ.

ಹೊಡೆಯುವುದು, ಕತ್ತಲೆ ಕೋಣೆಗೆ ಹಾಕುತ್ತೇನೆ ಎಂದು ಹೆದರಿಸುವುದು, ಊಟ ಕೊಡದೆ ಶಿಕ್ಷಿಸುವುದು, ಇವುಗಳಿಗೆ ಎಚ್ಚರಿಕೆಯ ಅವಕಾಶವೂ ಇಲ್ಲ ಎಂದು ಮೊದಲ ದಿನವೇ ಹೇಳಿಬಿಡಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂಬ ಸುಳಿವು ಸಿಕ್ಕರೆ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಮುಚ್ಚಿಟ್ಟರೆ ಶಿಕ್ಷೆ ಇದೆ. ಕೇಂದ್ರದ ಮುಖ್ಯಸ್ಥರಿಗಾದರೆ ಒಂದು ವರ್ಷದವರೆಗೆ ಜೈಲು ಆಗಬಹುದು. ಸಂಘದ ಮರ್ಯಾದೆ, ಊರಿನ ಮರ್ಯಾದೆ ಅಂತ ಒಳಗೊಳಗೇ ಪಂಚಾಯಿತಿ ಮಾಡುವ ಹಾಗಿಲ್ಲ. ಮಕ್ಕಳ ಸಹಾಯವಾಣಿ 1098, ಪೊಲೀಸ್ 112. ಈ ಎರಡರ ಜೊತೆ 108, ಹತ್ತಿರದ ಆಸ್ಪತ್ರೆಯ ನಂಬರನ್ನೂ ದೊಡ್ಡದಾಗಿ ಗೋಡೆಗೆ ಬರೆಸಿ. ಸಿಸಿಟಿವಿ ಇದ್ದರೆ ಒಳ್ಳೆಯದೇ, ಆದರೆ ಅದು ಯಾವ ಮಗುವನ್ನೂ ಎತ್ತಿಕೊಳ್ಳುವುದಿಲ್ಲ. ಅದನ್ನು ತೋರಿಸಿ ಸಹಾಯಕಿಯರನ್ನು ಕಡಿಮೆ ಮಾಡಬೇಡಿ.

ಹೆಜ್ಜೆ 8: ದಿನದ ನಡೆ, ಪುಸ್ತಕಗಳು

ಆಟಕ್ಕೆ ದುಬಾರಿ ಸಾಮಾನು ಬೇಕಿಲ್ಲ. ಕೊಂಡರೆ ಐಎಸ್‌ಐ ಗುರುತು ನೋಡಿ, 2021ರಿಂದ ಆಟಿಕೆಗಳಿಗೆ ಅದು ಕಡ್ಡಾಯ. ಸ್ಟೀಲ್ ಬಟ್ಟಲು, ಬಟ್ಟೆ ಗೊಂಬೆ, ಮರಳು, ನೀರು, ಹಾಡು, ಕಥೆ ಇದ್ದರೆ ಮಕ್ಕಳಿಗೆ ಹಬ್ಬ. ಮೂರು ವರ್ಷದೊಳಗಿನ ಮಗುವಿಗೆ ಅಕ್ಷರ ತಿದ್ದಿಸಬೇಡಿ, ಟಿವಿ ಮುಂದೆ ಕೂರಿಸಬೇಡಿ. ಡಯಾಪರ್ ಬದಲಿಸುವಾಗ, ಉಣಿಸುವಾಗ ಕಣ್ಣಿಗೆ ಕಣ್ಣಿಟ್ಟು ಮಾತಾಡಿ. ಆ ವಯಸ್ಸಿನ ಪಾಠವೆಲ್ಲ ಆ ಮಾತಿನಲ್ಲೇ ಇರುತ್ತದೆ.

ಹಾಜರಿ, ಬೆಳವಣಿಗೆ, ಊಟ, ಖರ್ಚು, ಭೇಟಿ ಕೊಟ್ಟವರದ್ದು, ಇಷ್ಟು ಪುಸ್ತಕ ಸಾಕು. ಇವುಗಳ ಜೊತೆ ಗಾಯದ ಪುಸ್ತಕ ಒಂದು ಇರಲಿ. ಮಂಡಿ ತರಚಿದ್ದು, ಕಚ್ಚಿದ್ದು, ಬಿದ್ದದ್ದು, ಎಷ್ಟೇ ಸಣ್ಣದಾದರೂ ಗಂಟೆ ಸಮೇತ ಬರೆದು ಸಂಜೆ ತಾಯಿಗೆ ತೋರಿಸಿ.

ಹೆಜ್ಜೆ 9: ಬಾಗಿಲು ತೆರೆಯುವುದು

ಮೊದಲ ದಿನವೇ 25 ಮಕ್ಕಳನ್ನು ಕರೆಯಬೇಡಿ. ಐದು ಮಕ್ಕಳಿಂದ ಶುರು ಮಾಡಿ, ವಾರಕ್ಕೆ ನಾಲ್ಕೈದು ಸೇರಿಸುತ್ತಾ ಹೋಗಿ. ಹೊಸ ಮಗುವಿನ ಜೊತೆ ಮೊದಲೆರಡು ದಿನ ತಾಯಿಯೋ ಅಜ್ಜಿಯೋ ಕೂತಿರಲಿ. ತಾಯಿಗೆ ರಜೆ ಸಿಗದಿದ್ದರೆ ಭಾನುವಾರ ಎರಡು ಗಂಟೆ ಕೇಂದ್ರ ತೆರೆದು ಅಭ್ಯಾಸ ಮಾಡಿಸಬಹುದು. ಅವಳ ಹಳೆಯ ಸೀರೆಯ ತುಂಡೊಂದು ಹಾಸಿಗೆಯ ಪಕ್ಕ ಇದ್ದರೆ ಎಷ್ಟೋ ಕೂಸುಗಳು ಸಮಾಧಾನವಾಗುತ್ತವೆ. ಮಲಗಿದ ಮೇಲೆ ಅದನ್ನು ಮುಖದ ಹತ್ತಿರದಿಂದ ತೆಗೆದಿಡಿ.

ಬೆಂಕಿ ಅಭ್ಯಾಸವನ್ನು ಮೊದಲ ತಿಂಗಳಲ್ಲೇ ಮಾಡಿ. ಮಲಗುವ ಹೊತ್ತಿನಲ್ಲೇ ಮಾಡಿ. ಎಲ್ಲ ಮಕ್ಕಳೂ ಹೊರಗೆ ಬರಲು ಎಷ್ಟು ನಿಮಿಷ ಬೇಕಾಯಿತು ಎಂದು ಬರೆದಿಡಿ. ಒಬ್ಬ ಮಗುವಾದರೂ ಒಳಗೆ ಉಳಿದುಹೋಗಿದ್ದರೆ ಮೂರನೇ ಹೆಜ್ಜೆಗೆ ವಾಪಸ್ ಹೋಗಿ ಕೈಗಳನ್ನು ಮತ್ತೆ ಎಣಿಸಿ.

ತಾಯಂದಿರು, ಆಶಾ, ಅಂಗನವಾಡಿ ಕಾರ್ಯಕರ್ತೆ, ಪಂಚಾಯಿತಿ ಅಥವಾ ವಾರ್ಡಿನ ಒಬ್ಬರು ಸೇರಿದ ಸಮಿತಿ ಮಾಡಿ. ಅರ್ಧದಷ್ಟಾದರೂ ತಾಯಂದಿರೇ ಇರಲಿ. ಸಭೆಯನ್ನು ಅವರು ಬರಬಹುದಾದ ಹೊತ್ತಿಗೆ ಇಡಿ, ಭಾನುವಾರ ಸಂಜೆಯಾದರೆ ಅನುಕೂಲ. ಸಭೆಯಲ್ಲಿ ಮೊದಲು ಓದಬೇಕಾದ್ದು ಗಾಯದ ಪುಸ್ತಕ. ಲೆಕ್ಕಪತ್ರ ಆಮೇಲೆ.